ಕೊಂಚ ಏರಿಸಿ ಹೇಳಿದರೆ ತಪ್ಪೇನು?

ಕೆಲಸದ ಸಂದರ್ಶನಕ್ಕೆ ಹೊರಟವರಿಗೆ ಹಿತೈಷಿಗಳು ತಪ್ಪದೆ ಹೇಳುವ ಮಾತೊಂದಿದೆ: ಇದ್ದದ್ದನ್ನು ಇದ್ದ ಹಾಗೇ ಹೇಳಿದರೆ ಯಾರೂ ಕ್ಯಾರೇ ಅನ್ನುವುದಿಲ್ಲ, ಸ್ವಲ್ಪ ಏರಿಸಿ ಹೇಳು. ಹಾಗೆ ಎರಡು ವರ್ಷದ ಅನುಭವ ಮೂರಾಗುತ್ತದೆ, ತಂಡದಲ್ಲಿ ಒಬ್ಬರಾಗಿದ್ದವರು ತಂಡವನ್ನೇ ನಡೆಸಿದವರಾಗುತ್ತಾರೆ, ಅರ್ಧಕ್ಕೆ ಬಿಟ್ಟ ಕೋರ್ಸು ಬಯೋಡೇಟಾದಲ್ಲಿ ಮುಗಿದಿರುತ್ತದೆ. ಏರಿಸಿ ಹೇಳಿದ್ದು ನಿಜದ ಬೆಲೆಯನ್ನು ಹೆಚ್ಚಿಸುತ್ತದೆ, ಸಿಕ್ಕಿಬಿದ್ದರೂ ಹೋಗುವುದು ಸೇರಿಸಿದ್ದಷ್ಟೇ, ಅಸಲಿಗೆ ಧಕ್ಕೆಯಿಲ್ಲ ಎಂಬ ನಂಬಿಕೆ ಇದರ ಹಿಂದಿದೆ. ದಾಖಲಾಗಿರುವ ಪ್ರಕರಣಗಳನ್ನು ನೋಡಿದರೆ ಆಗುವುದು ಬೇರೆಯೇ. ಸೇರಿಸಿದ್ದು ಹೋಗುವಾಗ ಅಸಲನ್ನೂ ಎಳೆದುಕೊಂಡು ಹೋಗುತ್ತದೆ.

2012ರ ಮಣಿಪುರ ವಿಧಾನಸಭಾ ಚುನಾವಣೆಯಲ್ಲಿ ಮೊಯಿರಾಂಗ್ ಕ್ಷೇತ್ರದಿಂದ ಗೆದ್ದ ಮೈರೆಂಬಮ್ ಪೃಥ್ವಿರಾಜ್ ಸಿಂಗ್ ತಮ್ಮ ಚುನಾವಣಾ ಪ್ರಮಾಣಪತ್ರದ ವಿದ್ಯಾರ್ಹತೆಯ ಅಂಕಣದಲ್ಲಿ, 2004ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಎಂಬಿಎ ಎಂದು ನಮೂದಿಸಿದ್ದರು. ಆ ಪದವಿ ಅವರಿಗಿರಲಿಲ್ಲ. ಶಾಸಕರಾಗಲು ಎಂಬಿಎ ಬೇಕೂ ಇಲ್ಲ. ಅಂಕಣದಲ್ಲಿ ಇದ್ದ ಓದನ್ನೇ ಬರೆದಿದ್ದರೆ ಕಾನೂನಿನ ತೊಡಕೇನೂ ಬರುತ್ತಿರಲಿಲ್ಲ. ಅದು ಬರೆಯುವಾಗಿನ ಕೈತಪ್ಪು ಎಂದು ವಾದಿಸಿದರು. 2008ರ ಪ್ರಮಾಣಪತ್ರದಲ್ಲೂ ಅದೇ ಎಂಬಿಎ ಇದ್ದದ್ದರಿಂದ ವಾದ ನಿಲ್ಲಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆಯ್ಕೆ ಅಸಿಂಧುವೆಂಬ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿಯಿತು. ಕಣದಲ್ಲಿ ಇಬ್ಬರೇ ಇದ್ದಾಗ, ಆ ಸುಳ್ಳಿನಿಂದಲೇ ಫಲಿತಾಂಶ ಬದಲಾಯಿತೆಂದು ಬೇರೆಯಾಗಿ ಸಾಬೀತುಪಡಿಸಬೇಕಾಗಿಲ್ಲ ಎಂದೂ ಹೇಳಿತು. ಜನ ನಿಜವಾಗಿ ಹಾಕಿದ ಮತಗಳು ಒಂದು ಅನಗತ್ಯ ಸಾಲಿನ ಜೊತೆಗೆ ಕೊಚ್ಚಿಹೋದವು.

ಸ್ಕಾಟ್ ಥಾಂಪ್ಸನ್ ಪೇಪಾಲ್‌ನ ಅಧ್ಯಕ್ಷರಾಗಿದ್ದು 2012ರ ಜನವರಿಯಲ್ಲಿ ಯಾಹೂ ಮುಖ್ಯಸ್ಥರಾದವರು. ಅವರಿಗಿದ್ದದ್ದು ಅಕೌಂಟಿಂಗ್ ಪದವಿ. ಪರಿಚಯಪತ್ರದಲ್ಲಿ ಕಂಪ್ಯೂಟರ್ ಸೈನ್ಸ್ ಕೂಡ ಸೇರಿಕೊಂಡಿತ್ತು. ಅದು ಬಯಲಾಗಿ ಮೇ ತಿಂಗಳಲ್ಲಿ ಹುದ್ದೆ ಬಿಟ್ಟರು. ಎಂಐಟಿಯ ಪ್ರವೇಶ ವಿಭಾಗದ ಡೀನ್ ಮಾರಿಲೀ ಜೋನ್ಸ್ ಪ್ರಕರಣ ಇನ್ನೂ ನೋವಿನದು. ಕಾಲೇಜು ಪ್ರವೇಶದ ಒತ್ತಡದಿಂದ ಮಕ್ಕಳನ್ನು ಪಾರುಮಾಡಬೇಕೆಂದು ದನಿಯೆತ್ತಿದ್ದ ಅವರು, ಇಲ್ಲದ ಪದವಿಗಳನ್ನು ಹೇಳಿಕೊಂಡಿದ್ದು ಬಯಲಾಗಿ 2007ರಲ್ಲಿ ರಾಜೀನಾಮೆ ಕೊಟ್ಟರು. ಅಲ್ಲಿ 28 ವರ್ಷ ದುಡಿದಿದ್ದು ಸುಳ್ಳಲ್ಲ, ಆದರೂ ಅದು ಅವರ ನೆರವಿಗೆ ಬರಲಿಲ್ಲ.

ಇವರೆಲ್ಲ ದೊಡ್ಡವರು, ನಮ್ಮನ್ನು ಯಾರು ಕೆದಕುತ್ತಾರೆ ಎಂಬುದು ಮುಂದಿನ ಸಮಾಧಾನ. ಆದರೆ ಭವಿಷ್ಯನಿಧಿಯ (ಪಿಎಫ್) ಪಾಸ್‌ಬುಕ್ ತೆರೆದರೆ ಯಾವ ಕಂಪನಿ ಯಾವ ತಿಂಗಳು ಹಣ ಕಟ್ಟಿದೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. ಮೂರು ವರ್ಷವೆಂದು ಹೇಳಿಕೊಂಡ ಅನುಭವ ಅಲ್ಲಿ ಇಪ್ಪತ್ತಾರು ತಿಂಗಳಿಗೆ ನಿಂತುಬಿಡುತ್ತದೆ.

ಗಟ್ಟಿಯಾದ ಆಕ್ಷೇಪ ಬೇರೆಯಿದೆ. ತಮ್ಮ ಬಗ್ಗೆ ಅತಿಯಾದ ವಿಶ್ವಾಸವಿರುವವರೇ ಮುಂದೆ ಬರುತ್ತಾರಲ್ಲ? ಇದರಲ್ಲಿ ಸತ್ಯವಿದೆ. ಅಂಥವರಿಗೆ ಗುಂಪಿನಲ್ಲಿ ಹೆಚ್ಚು ಮನ್ನಣೆ ಸಿಗುತ್ತದೆಂದು ಸಂಶೋಧಕ ಕ್ಯಾಮರಾನ್ ಆಂಡರ್ಸನ್ ಮತ್ತು ಸಂಗಡಿಗರು 2012ರಲ್ಲಿ ಪ್ರಯೋಗಗಳಿಂದಲೇ ತೋರಿಸಿದ್ದಾರೆ. ಆದರೆ ಎಲಿಜಬೆತ್ ಟೆನಿ ಮತ್ತು ಆಂಡರ್ಸನ್ ಸೇರಿದಂತೆ ಕೆಲವರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಮುಖ್ಯ ವ್ಯತ್ಯಾಸವನ್ನು ಗುರುತಿಸಿತು. ದನಿಯಲ್ಲಿ, ಕೂರುವ ಭಂಗಿಯಲ್ಲಿ ಕಾಣುವ ವಿಶ್ವಾಸ ಆಮೇಲೆ ಅತಿಯೆಂದು ತಿಳಿದರೂ ಅಷ್ಟಾಗಿ ಮುಳುವಾಗುವುದಿಲ್ಲ. ಬಾಯಿಬಿಟ್ಟು ಹೇಳಿದ ಮಾತು ಸುಳ್ಳಾದರೆ ಮಾತ್ರ ಜನ ಲೆಕ್ಕ ಇಡುತ್ತಾರೆ. ಏಕೆಂದರೆ ಮಾತನ್ನು ಪರೀಕ್ಷಿಸಬಹುದು. ಹಾಗಾಗಿ ತಲೆಯೆತ್ತಿ ಮಾತಾಡು ಎನ್ನುವುದು ಒಳ್ಳೆಯ ಸಲಹೆಯೇ. ಅದೇ ಉಸಿರಿನಲ್ಲಿ ಇಲ್ಲದ್ದನ್ನೂ ಹೇಳು ಎನ್ನುವುದು ಅಪಾಯದ ಸಲಹೆ. ಹೇಳಿ ಹೇಳಿ ಹೇಳಿದವರೇ ನಂಬತೊಡಗುವ ಗಂಡಾಂತರವೂ ಇದೆ: ಕೇಳುಗರಿಗೆ ಒಪ್ಪುವಂತೆ ತಿದ್ದಿ ಹೇಳಿದ ವಿವರವೇ ಕೊನೆಗೆ ಹೇಳಿದವರ ನೆನಪನ್ನೂ ತಿದ್ದುತ್ತದೆಂದು ಮನಶ್ಶಾಸ್ತ್ರಜ್ಞರಾದ ಹಿಗಿನ್ಸ್ ಮತ್ತು ರೋಲ್ಸ್ 1978ರಲ್ಲೇ ತೋರಿಸಿದ್ದರು. ತಾನು ಕಲಿಯಬೇಕಾದದ್ದು ಏನು ಬಾಕಿಯಿದೆ ಎಂಬುದೇ ಆಗ ಮರೆತುಹೋಗುತ್ತದೆ.

ಹಾಗಾದರೆ ಸಂಕೋಚದವರ ಗತಿಯೇನು? ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿ ಮಾಡಿದ್ದನ್ನೂ ಹೇಳಿಕೊಳ್ಳದೆ ಹಿಂದುಳಿಯುತ್ತಾಳೆ ಎಂಬ ಕಾಳಜಿ ನ್ಯಾಯವಾದದ್ದು. ಆಕೆಗೆ ಬೇಕಾಗಿರುವುದು ವಿವರವಾಗಿ ಹೇಳುವ ಅಭ್ಯಾಸ. ‘ಪ್ರಾಜೆಕ್ಟ್ ಪೂರ್ತಿ ನಾನೇ ನಡೆಸಿದೆ’ ಎಂದವಳಿಗೆ, ತಂಡದಲ್ಲಿ ಎಷ್ಟು ಜನ, ಯಾವುದು ಕೈಕೊಟ್ಟಿತು, ಹೇಗೆ ಸರಿಪಡಿಸಿದಿರಿ ಎಂಬ ಪ್ರಶ್ನೆಗಳು ಬಂದ ಕೂಡಲೇ ಮಾತು ತಡವರಿಸುತ್ತದೆ. ‘ಆರು ಜನರಲ್ಲಿ ಹಣ ಪಾವತಿಯ ಭಾಗದ ಟೆಸ್ಟಿಂಗ್ ನನ್ನದು, ನೆಟ್‌ವರ್ಕ್ ಕಡಿದಾಗ ಒಂದೇ ಬಿಲ್ಲಿಗೆ ಎರಡು ಸಲ ಹಣ ಕಡಿತವಾಗುತ್ತಿತ್ತು, ಅದನ್ನು ಹಿಡಿದದ್ದು ನಾನು’ ಎಂದವಳಿಗೆ ಅವೇ ಪ್ರಶ್ನೆಗಳು ಇನ್ನಷ್ಟು ಹೇಳಲು ಅವಕಾಶ ಮಾಡಿಕೊಡುತ್ತವೆ.