ನೈರೋಬಿಯಿಂದ ಕಡಲಿಗೆ: ಸಣ್ಣ ಫೈಬರ್ ಹಾಯಿದೋಣಿ

ಕರಾವಳಿ ವಿಹಾರದ ಫೈಬರ್ ಹಾಯಿದೋಣಿ ಸಾಮಾನ್ಯವಾಗಿ ಏಳರಿಂದ ಒಂಬತ್ತು ಮೀಟರ್ ಉದ್ದವಿರುತ್ತದೆ. ಇಬ್ಬರು ಅದನ್ನು ನಡೆಸಬಹುದು, ನಾಲ್ವರು ಒಳಗೆ ಮಲಗಬಹುದು. ಒಂದು ಸಣ್ಣ ಒಲೆ, ಕುಡಿಯುವ ನೀರಿನ ತೊಟ್ಟಿ, ಗಾಳಿ ಬಿದ್ದಾಗ ಓಡಿಸಲು ಚಿಕ್ಕ ಡೀಸೆಲ್ ಎಂಜಿನ್ ಇಷ್ಟಿದ್ದರೆ ಮನೆ ಸಜ್ಜಾದಂತೆ. ಹಗಲಿಡೀ ಸಾಗಿ ಸಂಜೆಗೆ ಯಾವುದಾದರೂ ಅಳಿವೆಯೊಳಗೆ ಲಂಗರು ಹಾಕುವುದು ಇದರ ಕ್ರಮ. ಸಾಗರ ದಾಟುವುದು ಇದರ ಕೆಲಸವಲ್ಲ.

ಇಂಥ ದೋಣಿಯ ಮಾತಿಗೂ ನೈರೋಬಿಗೂ ಏನು ಸಂಬಂಧ ಎಂದು ಕೇಳಬಹುದು. ಊರು ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಮೊಂಬಾಸಾ ಬಂದರು 480 ಕಿಲೋಮೀಟರ್ ದೂರ. ಆದರೂ ನೈರೋಬಿಯಲ್ಲಿ ಹಾಯಿ ಬಿಚ್ಚಿದ ಕಾಲವೊಂದಿತ್ತು. 1953ರಲ್ಲಿ ಕಟ್ಟಿದ ನೈರೋಬಿ ಡ್ಯಾಮ್ ಎಂಬ ಕೆರೆಯಲ್ಲಿ ದಶಕಗಳ ಕಾಲ ಸಣ್ಣ ಹಾಯಿದೋಣಿಗಳ ಆಟ ನಡೆಯುತ್ತಿತ್ತು. ಪಕ್ಕದಲ್ಲೇ ಬೆಳೆದ ಕಿಬೆರಾ ಬಡಾವಣೆಯ ಚರಂಡಿ ನೀರು, ಕಸ, ಹೂಳು ಸೇರಿ ಕೊನೆಗೆ ಅಂತರಗಂಗೆ ಇಡೀ ಕೆರೆಯನ್ನು ಮುಚ್ಚಿತು. ಬೆಳ್ಳಂದೂರು ಕೆರೆಯ ಪಾಡು ಕಂಡ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಗಾಳಿ ಬೇಕೆನ್ನುವ ನೈರೋಬಿಯವರು ನೈವಾಶಾ ಸರೋವರಕ್ಕೆ ಹೋಗಬೇಕು, ಇಲ್ಲವೇ ಕಡಲಿಗೇ ಇಳಿಯಬೇಕು. 2017ರ ಮೇ 31ರಂದು ಮೊಂಬಾಸಾ–ನೈರೋಬಿ ಹೊಸ ರೈಲು ಶುರುವಾದ ಮೇಲೆ ಕಡಲಿಗೆ ಹೋಗಿಬರುವುದು ವಾರಾಂತ್ಯಕ್ಕೆ ಒಗ್ಗಿದೆ. ಕಡಲಿನ ಹವಾಮಾನ ನೋಡಿಕೊಳ್ಳುವ ಕೀನ್ಯಾ ಹವಾಮಾನ ಇಲಾಖೆಯ ಕೇಂದ್ರ ಕಚೇರಿಯೂ ಬಂದರಿನಲ್ಲಿಲ್ಲ, ನೈರೋಬಿಯ ಡಾಗೊರೆಟ್ಟಿ ಕಾರ್ನರ್‌ನಲ್ಲಿದೆ.

ಫೈಬರ್ ದೋಣಿಯನ್ನು ಮರದ ದೋಣಿಯಂತೆ ಹಲಗೆ ಜೋಡಿಸಿ ಕಟ್ಟುವುದಿಲ್ಲ, ಅಚ್ಚಿನಲ್ಲಿ ತೆಗೆಯುತ್ತಾರೆ. ಅಚ್ಚಿನ ಒಳಮೈಗೆ ಮೇಣ ಸವರಿ, ಮೊದಲು ಜೆಲ್‌ಕೋಟ್ ಎಂಬ ಬಣ್ಣದ ರಾಳದ ತೆಳುಪದರ ಹಚ್ಚುತ್ತಾರೆ. ದೋಣಿ ಹೊರಬಂದಾಗ ಹೊಳೆಯುವ ಹೊರಮೈ ಇದೇ. ಅದರ ಮೇಲೆ ಗಾಜಿನ ನಾರಿನ ಚಾಪೆಯನ್ನೂ ನೇಯ್ದ ಗಾಜಿನ ಬಟ್ಟೆಯನ್ನೂ ಒಂದರ ಮೇಲೊಂದು ಹಾಸಿ, ಗಟ್ಟಿಗೊಳಿಸುವ ರಾಸಾಯನಿಕ ಬೆರೆಸಿದ ಪಾಲಿಯೆಸ್ಟರ್ ರಾಳವನ್ನು ಬ್ರಷ್‌ನಿಂದ ಊಡಿಸುತ್ತಾರೆ, ಒಳಗೆ ಸಿಕ್ಕ ಗಾಳಿಯನ್ನು ರೋಲರ್‌ನಿಂದ ಒತ್ತಿ ಹೊರಹಾಕುತ್ತಾರೆ. ಮಲ್ಪೆ, ಮಂಗಳೂರಿನ ಮೀನುಗಾರರ ಫೈಬರ್ ದೋಣಿಗಳು ಹುಟ್ಟುವುದೂ ಹೀಗೆಯೇ. ಎಳೆಯುವ ಬಲವನ್ನು ಗಾಜು ತಡೆಯುತ್ತದೆ, ಆಕಾರವನ್ನು ರಾಳ ಹಿಡಿದಿಡುತ್ತದೆ. ಒಂದೇ ಅಚ್ಚಿನಿಂದ ನೂರಾರು ದೋಣಿ ತೆಗೆಯಬಹುದಾದ್ದರಿಂದ 1960ರ ದಶಕದಿಂದೀಚೆಗೆ ವಿಹಾರದೋಣಿ ಮಧ್ಯಮ ವರ್ಗದ ಕೈಗೂ ಎಟುಕಿತು.

ಈ ಬಗೆಗೆ ಒಳ್ಳೆಯ ಮಾದರಿ ಬ್ರಿಟನ್ನಿನ ವೆಸ್ಟರ್ಲಿ ಸೆಂಟಾರ್. 1969ರಿಂದ ಸುಮಾರು ಒಂದು ದಶಕದಲ್ಲಿ 2,400ಕ್ಕೂ ಹೆಚ್ಚು ಸೆಂಟಾರ್‌ಗಳು ತಯಾರಾದವು. ಉದ್ದ 26 ಅಡಿ, ತೂಕ ಸುಮಾರು ಮೂರು ಟನ್. ಆ ತೂಕದಲ್ಲಿ ಶೇಕಡಾ 40ರಷ್ಟು ತಳದಿಂದ ನೀರಿಗಿಳಿದ ರೆಕ್ಕೆಗಳಂಥ ಕೀಲ್‌ಗಳಲ್ಲೇ ಇದೆ. ಗಾಳಿ ಹಾಯಿಯನ್ನು ಒತ್ತಿ ದೋಣಿಯನ್ನು ವಾಲಿಸಿದಾಗ ಅಡಿಯ ಈ ಭಾರ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಕೀಲ್‌ಗೆ ಇನ್ನೊಂದು ಕೆಲಸವಿದೆ: ದೋಣಿ ಪಕ್ಕಕ್ಕೆ ಜಾರದಂತೆ ನೀರನ್ನು ಕಚ್ಚಿ ಹಿಡಿಯುವುದು. ಅದರಿಂದಲೇ ಎದುರುಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ, ಅಂಕುಡೊಂಕಾಗಿ ಮುಂದೆ ಸಾಗಲು ಸಾಧ್ಯ. ವೇಗದ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬಾರದು. ಇಂಥ ದೋಣಿ ತಾನೇ ಎಬ್ಬಿಸಿದ ಅಲೆಯೊಳಗೆ ಸಿಕ್ಕಿಕೊಳ್ಳುತ್ತದೆ. ನೀರಿಗೆ ತಾಗುವ ಉದ್ದ 21 ಅಡಿ ಇದ್ದರೆ ಮಿತಿ ಸುಮಾರು ಆರು ನಾಟ್, ಅಂದರೆ ಗಂಟೆಗೆ 11 ಕಿಲೋಮೀಟರ್. ನಿತ್ಯದ ಸರಾಸರಿ ಅದಕ್ಕಿಂತ ಕಡಿಮೆ.

ಸೆಂಟಾರ್‌ನ ನಿಜವಾದ ಗುಣ ಅದರ ಎರಡು ಕೀಲ್‌ಗಳು. ನಡುವೆ ಒಂದೇ ಆಳವಾದ ಕೀಲ್ ಇರುವ ದೋಣಿ ವೇಗವಾಗಿ ಹೋಗುತ್ತದೆ, ಗಾಳಿಗೆ ಇನ್ನೂ ಹತ್ತಿರ ಏರುತ್ತದೆ, ಆದರೆ ನೀರು ಇಳಿದರೆ ಪಕ್ಕಕ್ಕೆ ಬೀಳುತ್ತದೆ. ಇಕ್ಕೆಲದಲ್ಲೂ ಗಿಡ್ಡ ಕೀಲ್ ಇರುವ ಸೆಂಟಾರ್‌ಗೆ ಮೂರು ಅಡಿ ನೀರು ಸಾಕು. ನೀರಿಳಿದರೆ ಮರಳಿನ ಮೇಲೆ ನೆಟ್ಟಗೆ ನಿಲ್ಲುತ್ತದೆ. ಕೀನ್ಯಾದ ಕರಾವಳಿಗೆ ಈ ಗುಣ ಬೆಲೆಬಾಳುವಂಥದ್ದು. ಮೊಂಬಾಸಾ ಕಡೆ ಅಮಾವಾಸ್ಯೆ, ಹುಣ್ಣಿಮೆಗಳ ಹೊತ್ತಿಗೆ ಉಬ್ಬರ ಇಳಿತಗಳ ಅಂತರ ನಾಲ್ಕು ಮೀಟರ್ ಹತ್ತಿರ ಹೋಗುತ್ತದೆ. ಬೆಳಿಗ್ಗೆ ತೇಲುತ್ತಿದ್ದ ಜಾಗದಲ್ಲಿ ಮಧ್ಯಾಹ್ನ ಮಕ್ಕಳು ಏಡಿ ಹಿಡಿಯುತ್ತಿರುತ್ತಾರೆ. ಕರ್ನಾಟಕದ ಕರಾವಳಿಯವರು ಕಂಡಿರುವ ಉಬ್ಬರ ಇದಕ್ಕಿಂತ ಬಹಳ ಕಡಿಮೆ.

ಇನ್ನು ಹವಳದ ದಿಬ್ಬ. ಕೀನ್ಯಾದ ದಕ್ಷಿಣ ಕರಾವಳಿಯ ಬಹುಭಾಗದಲ್ಲಿ ದಡಕ್ಕೆ ಸಮಾನಾಂತರವಾಗಿ ಹವಳದ ಗೋಡೆ ಹಬ್ಬಿದೆ. ತೊರೆಗಳ ಸಿಹಿನೀರು ಬಂದು ಸೇರುವ ಕಡೆ ಹವಳ ಬೆಳೆಯದೆ ಸಂದು ಉಳಿದಿದೆ, ದೋಣಿ ಒಳಬರುವುದು ಅಲ್ಲಿಂದಲೇ. ಕಿಲಿಂಡಿನಿ, ಮ್ಟ್ವಾಪಾ, ಕಿಲಿಫಿ ಅಳಿವೆಗಳು ಇಂಥವು. ಇವುಗಳಲ್ಲಿ ವಿಹಾರದೋಣಿಗಳಿಗೆ ಹೆಚ್ಚು ಅಚ್ಚುಮೆಚ್ಚಿನದು ಕಿಲಿಫಿ. ಕರಾವಳಿ ಪೂರ್ವಕ್ಕೆ ಮುಖ ಮಾಡಿರುವುದರಿಂದ ಸಂದಿನೊಳಗೆ ಬರುವ ದೋಣಿಯ ಮೂತಿ ಪಶ್ಚಿಮಕ್ಕಿರುತ್ತದೆ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರ ಕಣ್ಣಿಗೆ ಹೊಡೆಯುವಾಗ ನೀರಿನಡಿಯ ಹವಳ ಕಾಣುವುದಿಲ್ಲ. ಸೂರ್ಯ ಬೆನ್ನ ಹಿಂದೆ ಅಥವಾ ನೆತ್ತಿಯ ಮೇಲಿರುವಾಗಲೇ ಒಳಬರಬೇಕು. ಭೂಮಧ್ಯರೇಖೆಯ ಬಳಿ ಮುಸ್ಸಂಜೆಯೂ ಚಿಕ್ಕದು, ಏಳು ಗಂಟೆಗೆ ಕತ್ತಲು. ಬೀಸುವ ಗಾಳಿ ಹೆಚ್ಚುಕಾಲ ಕಡಲಿನಿಂದ ದಡಕ್ಕೇ ನೂಕುವುದರಿಂದ ಎಂಜಿನ್ ಕೈಕೊಟ್ಟು, ಹಾಯಿಯೂ ಹರಿದರೆ ದೋಣಿ ಸೇರುವುದು ಹವಳದ ಗೋಡೆಯನ್ನೇ. ಅದಕ್ಕೇ ಲಂಗರು ಯಾವಾಗಲೂ ಕೈಗೆ ಸಿಗುವಂತಿರಬೇಕು.

ಗಾಳಿಗೆ ಇಲ್ಲಿ ಪಂಚಾಂಗವೇ ಇದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಈಶಾನ್ಯದಿಂದ ಬೀಸುವುದು ಕಸ್ಕಜಿ. ಏಪ್ರಿಲ್ ಕಳೆದ ಮೇಲೆ ಸೆಪ್ಟೆಂಬರ್–ಅಕ್ಟೋಬರ್‌ವರೆಗೆ ಆಗ್ನೇಯ, ದಕ್ಷಿಣಗಳಿಂದ ಬೀಸುವುದು ಕುಸಿ. ಕುಸಿ ಅರಬ್ಬಿ ಸಮುದ್ರ ದಾಟುತ್ತ ತಿರುಗಿ ನಮ್ಮ ಕರಾವಳಿಗೆ ಮುಂಗಾರು ತರುವ ನೈರುತ್ಯ ಮಾರುತವಾಗುತ್ತದೆ. ಈ ಗಾಳಿಯ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ವಾಸ್ಕೋ ಡ ಗಾಮನ ಕಥೆಯೇ ಸಾಕ್ಷಿ. 1498ರ ಏಪ್ರಿಲ್ 24ರಂದು ಅವನು ಕೀನ್ಯಾದ ಮಾಲಿಂಡಿ ಬಿಟ್ಟ. ಗಾಳಿ ಬಲ್ಲ ದಾರಿಗಾರ ಜೊತೆಗಿದ್ದ. ಒಂದು ತಿಂಗಳೂ ಹಿಡಿಯಲಿಲ್ಲ, ಮೇ 20ಕ್ಕೆ ಕೋಳಿಕ್ಕೋಡ್ ಹತ್ತಿರ ಇದ್ದ. ಮರಳುವಾಗ ಕಾರವಾರದೆದುರಿನ ಅಂಜುದೀವಿನಿಂದ ಅಕ್ಟೋಬರ್ 5ಕ್ಕೇ ಹೊರಟ. ಈಶಾನ್ಯದ ಗಾಳಿ ನೆಲೆಗೊಂಡಿರಲಿಲ್ಲ. ಆಫ್ರಿಕದ ದಡ ಕಂಡದ್ದು ಜನವರಿ 2ರಂದು. ಆ ಮೂರು ತಿಂಗಳಲ್ಲಿ ಬಾಯಿ ಹುಣ್ಣಾಗಿ ಒಸಡು ಊದುವ ಸ್ಕರ್ವಿಗೆ ಅವನ ಬಹಳ ಮಂದಿ ಬಲಿಯಾದರು.

ಸಣ್ಣ ದೋಣಿಗೂ ಇದೇ ಪಂಚಾಂಗ. ಆಫ್ರಿಕದ ಪೂರ್ವ ಕರಾವಳಿಯ ಪ್ರವಾಹ ಮೊಂಬಾಸಾ ಎದುರು ವರ್ಷವಿಡೀ ಉತ್ತರಕ್ಕೇ ಹರಿಯುತ್ತದೆ, ಕುಸಿ ಕಾಲದಲ್ಲಿ ಇನ್ನಷ್ಟು ಬಿರುಸು. ಆಗ ಉತ್ತರದ ಲಾಮು ದ್ವೀಪಕ್ಕೆ ಹೋಗುವುದು ಸುಲಭ, ವಾಪಸು ಬರುವುದೇ ಕಷ್ಟ: ಐದು ನಾಟ್ ಓಡುವ ದೋಣಿಗೆ ಎರಡು ನಾಟ್ ಎದುರುಹರಿವು ಸಿಕ್ಕರೆ ದಿನದ ದುಡಿಮೆಯ ಐದರಲ್ಲಿ ಎರಡು ಪಾಲು ನೀರುಪಾಲು. ಮರಳಲು ಕಸ್ಕಜಿಗೆ ಕಾಯುವುದು ಜಾಣತನ. ಜೂನ್–ಆಗಸ್ಟ್‌ಗಳ ಬಿರುಸಿನಲ್ಲಿ ಇಂಥ ದೋಣಿ ಅಳಿವೆ ದಾಟದಿರುವುದೇ ಲೇಸು.

ನೈರೋಬಿಯಲ್ಲಿರುವ ಮಾಲೀಕನ ದೊಡ್ಡ ತಲೆನೋವು ಪ್ರಯಾಣದ್ದಲ್ಲ, ತಾನಿಲ್ಲದಾಗ ದೋಣಿಗೆ ಏನಾಗುತ್ತದೆ ಎಂಬುದು. ಫೈಬರ್ ಕೊಳೆಯುವುದಿಲ್ಲ ಎಂಬ ಮಾತು ಅರ್ಧ ಮಾತ್ರ ನಿಜ. ಉಷ್ಣವಲಯದ ಬಿಸಿಲಿಗೆ ಜೆಲ್‌ಕೋಟ್ ಸುಣ್ಣದಂತೆ ಬಿಳಿಚುತ್ತದೆ, ಹಾಯಿಯ ಹೊಲಿಗೆಗಳು ಬಟ್ಟೆಗಿಂತ ಮೊದಲೇ ಸಾಯುತ್ತವೆ. ಬೆಚ್ಚನೆಯ ನೀರು ಜೆಲ್‌ಕೋಟ್ ಮೂಲಕ ಮೆಲ್ಲಗೆ ಒಳಸೇರಿ, ಸರಿಯಾಗಿ ಗಟ್ಟಿಯಾಗದ ರಾಳದೊಡನೆ ಬೆರೆತು ಹೊರಮೈಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ದೋಣಿಯವರು ಇದನ್ನು ಆಸ್ಮೋಸಿಸ್ ಎನ್ನುತ್ತಾರೆ. ಚಿಕಿತ್ಸೆ ದುಬಾರಿ: ನೀರಿನಿಂದ ಎತ್ತಿ, ಕೆರೆದು, ತಿಂಗಳುಗಟ್ಟಲೆ ಒಣಗಿಸಿ ಎಪಾಕ್ಸಿ ಹಚ್ಚಬೇಕು. ತಳಕ್ಕೆ ಅಂಟುವ ಚಿಪ್ಪು, ಪಾಚಿಯ ವಿಷಯದಲ್ಲಿ ಮಾತ್ರ ಎರಡು ಕೀಲ್‌ನ ದೋಣಿಗೆ ಉಪಾಯ ಸುಲಭ. ದೊಡ್ಡ ಉಬ್ಬರದ ದಿನ ಮರಳಿನ ಮೇಲೆ ನಿಲ್ಲಿಸಿ, ನೀರು ತಿರುಗಿ ಬರುವುದರೊಳಗೆ ಉಜ್ಜಿ ಮುಗಿಸಬಹುದು. ಕ್ರೇನ್ ಬೇಕಿಲ್ಲ.

ದೋಣಿ ಮುದಿಯಾದ ಮೇಲೇನು ಎಂಬ ಪ್ರಶ್ನೆಗೆ ಈ ಉದ್ಯಮ ಇನ್ನೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಒಮ್ಮೆ ಗಟ್ಟಿಯಾದ ಪಾಲಿಯೆಸ್ಟರ್ ರಾಳ ಮತ್ತೆ ಕರಗುವುದಿಲ್ಲ, ಹಳೆಯ ಒಡಲುಗಳು ದಡದಲ್ಲೇ ಬಿದ್ದಿರುತ್ತವೆ. ಕೀನ್ಯಾದಲ್ಲೇ ಇದಕ್ಕೆ ತದ್ವಿರುದ್ಧವಾದ ಪ್ರಯೋಗವೊಂದು ನಡೆದಿದೆ. ಲಾಮುವಿನ ಸಾಂಪ್ರದಾಯಿಕ ದೋಣಿ ಬಡಗಿಗಳು ಕಡಲತೀರದಲ್ಲಿ ಹೆಕ್ಕಿದ ಪ್ಲಾಸ್ಟಿಕ್ ಕಸ ಕರಗಿಸಿ, ಹಲಗೆ ಎರೆದು, ಹವಾಯಿ ಚಪ್ಪಲಿಗಳ ಹೊದಿಕೆ ಕೊಟ್ಟು ಕಟ್ಟಿದ ಒಂಬತ್ತು ಮೀಟರಿನ ಹಾಯಿದೋಣಿ ‘ಫ್ಲಿಪ್‌ಫ್ಲಾಪಿ’ 2018ರಲ್ಲಿ ನೀರಿಗಿಳಿಯಿತು. ಮರುವರ್ಷ ಅದು ಲಾಮುವಿನಿಂದ ಜಾಂಜಿಬಾರ್‌ವರೆಗೆ ಸುಮಾರು 500 ಕಿಲೋಮೀಟರ್ ಸಾಗಿತು. ನೈರೋಬಿಯಲ್ಲೇ ಕೇಂದ್ರವಿರುವ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಆ ಯಾತ್ರೆಗೆ ಜೊತೆಯಾಗಿತ್ತು.

ಹಳೆಯ ಫೈಬರ್ ಹಾಯಿದೋಣಿ ಕೊಳ್ಳಲು ಹೊರಡುವವರು ಹೊಳಪಿಗೆ ಮರುಳಾಗಬಾರದು. ದೋಣಿಯನ್ನು ನೀರಿನಿಂದ ಎತ್ತಿಸಿ ತಳದಲ್ಲಿ ಗುಳ್ಳೆಗಳಿವೆಯೇ ನೋಡಬೇಕು, ಡೆಕ್ ಮೇಲೆ ನಡೆದು ಎಲ್ಲಾದರೂ ಮೆತ್ತಗಾಗಿದೆಯೇ ಪರೀಕ್ಷಿಸಬೇಕು, ಕೀಲ್ ಬಿಗಿದ ಬೋಲ್ಟ್‌ಗಳು ತುಕ್ಕು ಹಿಡಿದಿವೆಯೇ ತಿಳಿದುಕೊಳ್ಳಬೇಕು. ಎಂಜಿನ್ ಬದಲಿಸಬಹುದು, ಹಾಯಿ ಹೊಸದು ಹೊಲಿಸಬಹುದು. ಒಡಲು ಕೆಟ್ಟಿದ್ದರೆ ಬೆಲೆ ಎಷ್ಟೇ ಅಗ್ಗವಿದ್ದರೂ ಆ ದೋಣಿ ಬೇಡ.