ನರ್ತಕಿಯ ಉಡುಪಿಗೆ ಬೆಳಕಿನ ಪಾಠ

ರಂಗಮಂದಿರದ ದೀಪಗಳೆಲ್ಲ ಆರಿವೆ. ಕತ್ತಲೆಯಲ್ಲಿ ಮೃದಂಗದ ಪೆಟ್ಟೊಂದು ಕೇಳುತ್ತದೆ. ಒಡನೆಯೇ ಎಂಟು ಮಾನವಾಕೃತಿಗಳು ನೀಲಿ ರೇಖೆಗಳಲ್ಲಿ ಮೂಡಿ ನಿಲ್ಲುತ್ತವೆ. ಮತ್ತೊಂದು ಪೆಟ್ಟಿಗೆ ಆ ರೇಖೆಗಳು ಅಳಿಸಿಹೋಗಿ, ಹದಿನಾರು ತೋಳುಗಳು ಮಾತ್ರ ಕೆಂಪಗೆ ಗಾಳಿಯಲ್ಲಿ ತೇಲುತ್ತವೆ. ನರ್ತಕಿಯರ ಮುಖ ಕಾಣದು, ಮೈ ಕಾಣದು. ಉಡುಪಿಗೆ ಹೊಲಿದ ಪುಟ್ಟ ದೀಪಗಳು ಎಷ್ಟನ್ನು ತೋರಿಸುವುವೋ ಅಷ್ಟೇ ಪ್ರೇಕ್ಷಕರ ಪಾಲಿನ ನೃತ್ಯ.

ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆಂದು ವಿದ್ಯಾರ್ಥಿನಿಯರು ಇಂಥದೊಂದು ನೃತ್ಯವನ್ನು ಸಿದ್ಧಪಡಿಸಿದರು. ಉಡುಪಿನ ದೀಪಗಳನ್ನು ಜೋಡಿಸಿದುದು ನಮ್ಮ ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ. ಅಭ್ಯಾಸದ ದಿನಗಳಲ್ಲಿ ಮುಖ್ಯ ನರ್ತಕಿಯ ಮೇಲೆ ಒಂದು ಆಪಾದನೆ ಬಂದಿತು. ಅದು ನ್ಯಾಯವೋ ಅನ್ಯಾಯವೋ ಎಂಬುದನ್ನು ತೀರ್ಮಾನಿಸಬೇಕಾದರೆ, ಈ ಉಡುಪು ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿಯಬೇಕು.

ದೀಪಗಳನ್ನು ಉಡುವುದೇನೂ ಹೊಸದಲ್ಲ. ಜಪಾನಿನ ಕಲಾವಿದೆ ಅತ್ಸುಕೊ ತನಾಕ ಅವರು 1956ರಲ್ಲಿಯೇ ಬಣ್ಣದ ವಿದ್ಯುದ್ದೀಪಗಳನ್ನೂ ಕೊಳವೆ ದೀಪಗಳನ್ನೂ ಪೋಣಿಸಿ ಭಾರವಾದ ಉಡುಪೊಂದನ್ನು ಮಾಡಿ, ತಾವೇ ಅದನ್ನು ಧರಿಸಿ ತೋರಿಸಿದ್ದರು. ಆ ಉಡುಪಿನಲ್ಲಿ ನಿಲ್ಲಬಹುದಾಗಿತ್ತೇ ಹೊರತು ಕುಣಿಯುವಂತಿರಲಿಲ್ಲ. ಇಂದಿನ ಉಡುಪಿನಲ್ಲಿರುವುದು ಬೆಳಕು ಸೂಸುವ ಡಯೋಡು, ಎಂದರೆ ಎಲ್‌ಇಡಿ. ಕೆಂಪು, ಹಸಿರು ಡಯೋಡುಗಳು ಮೊದಲೇ ಇದ್ದುವು. ಪ್ರಖರವಾದ ನೀಲಿ ಡಯೋಡು ಕೈಗೆ ಬಂದುದು 1990ರ ದಶಕದಲ್ಲಿ. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಇವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು.

ನಾವು ಬಳಸಿದುದು ಡಬ್ಲ್ಯುಎಸ್ 2812 ಎಂಬ ದೀಪ. ಐದು ಮಿಲಿಮೀಟರಿನ ಚೌಕದಲ್ಲಿ ಮೂರು ಬಣ್ಣದ ಮೂರು ಡಯೋಡುಗಳು, ಜೊತೆಗೆ ಅವುಗಳನ್ನು ಆಳುವ ಒಂದು ಸಣ್ಣ ವಿದ್ಯುನ್ಮಂಡಲ. ಒಂದು ಉಡುಪಿನಲ್ಲಿ 100 ದೀಪಗಳಿದ್ದರೆ ಆಳಬೇಕಾದ ಡಯೋಡುಗಳು 300. ಹಾಗಾದರೆ 300 ತಂತಿಗಳು ಬೇಕೇ? ಬೇಡ, ಆಜ್ಞೆಗೆ ಒಂದೇ ತಂತಿ ಸಾಕು. ಮದುವೆಯ ಊಟದ ಪಂಕ್ತಿಯನ್ನು ನೆನೆಯಿರಿ. ಬಾಳೆಲೆಯ ಕಟ್ಟನ್ನು ಮೊದಲು ಕುಳಿತವರ ಕೈಗೆ ಕೊಟ್ಟರೆ ಅವರು ತಮಗೊಂದು ಎಲೆಯನ್ನು ಇಟ್ಟುಕೊಂಡು ಉಳಿದುದನ್ನು ಪಕ್ಕದವರಿಗೆ ದಾಟಿಸುವರು. ಅವರೂ ಹಾಗೆಯೇ ಮಾಡುವರು. ಕಟ್ಟು ಪಂಕ್ತಿಯ ಕೊನೆಯನ್ನು ಮುಟ್ಟುವ ಹೊತ್ತಿಗೆ ಎಲ್ಲರಿಗೂ ಎಲೆ ದೊರೆತಿರುವುದು. ದೀಪಗಳೂ ಹೀಗೆಯೇ: ಮೊದಲನೆಯ ದೀಪ ತನಗೆ ಬಂದ ಮೊದಲ ಸಂಖ್ಯೆಯನ್ನು ಇಟ್ಟುಕೊಂಡು ಮಿಕ್ಕುದನ್ನು ಮುಂದಕ್ಕೆ ಕಳುಹಿಸುವುದು. ತಂತಿ ಒಂದು ಕ್ಷಣ ಸುಮ್ಮನಾದೊಡನೆ ಎಲ್ಲ ದೀಪಗಳೂ ತಮ್ಮ ತಮ್ಮ ಸಂಖ್ಯೆಯನ್ನು ಬಣ್ಣವಾಗಿ ತೋರಿಸುವುವು.

ಈ ಸಂಖ್ಯೆಯಲ್ಲಿ 24 ಬಿಟ್‌ಗಳು, ಬಣ್ಣವೊಂದಕ್ಕೆ ಎಂಟು. ಎಂಟು ಬಿಟ್‌ಗಳಿಂದ 0ಯಿಂದ 255ರವರೆಗೆ ಎಣಿಸಬಹುದಾದುದರಿಂದ ಒಂದೊಂದು ಬಣ್ಣಕ್ಕೂ ಕಾಂತಿಯ 256 ಮೆಟ್ಟಿಲುಗಳು. ಕಾಂತಿಯನ್ನು ತಗ್ಗಿಸುವುದೆಂದರೆ ಡಯೋಡನ್ನು ಮಂಕಾಗಿಸುವುದಲ್ಲ. ಸೆಕೆಂಡಿಗೆ 400ಕ್ಕೂ ಕಡಿಮೆಯಿಲ್ಲದಂತೆ ಅದನ್ನು ಹೊತ್ತಿಸಿ ಆರಿಸುವುದು. ಕಣ್ಣು ಇದನ್ನು ಹಿಡಿಯಲಾರದು ಎನ್ನುವರು. ಆದರೆ ನರ್ತಕಿ ಸೆಕೆಂಡಿಗೆ ನಾಲ್ಕು ಮೀಟರ್ ವೇಗದಲ್ಲಿ ತೋಳನ್ನು ಬೀಸಿದಾಗ ನೋಡಿ, ಬೆಳಕಿನ ಗೆರೆ ಸೆಂಟಿಮೀಟರಿಗೊಂದರಂತೆ ಚುಕ್ಕೆಗಳಾಗಿ ಒಡೆದು ಕಾಣುವುದು.

ಒಂದು ಬಿಟ್ ದಾಟಲು 1.25 ಮೈಕ್ರೊಸೆಕೆಂಡು ಹಿಡಿಯುವುದು. ಹೀಗೆ ಒಂದು ದೀಪಕ್ಕೆ 30 ಮೈಕ್ರೊಸೆಕೆಂಡು. 100 ದೀಪಗಳಿಗೆ 3 ಮಿಲಿಸೆಕೆಂಡು. ಈ ಕೊನೆಯ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನು ಪಾಠ ಹೇಳುವ ಕೆಲಸ. ನರ್ತಕಿಯ ಸೊಂಟದಲ್ಲಿ ಬ್ಯಾಟರಿಯೊಡನೆ ಬೆಂಕಿಪೆಟ್ಟಿಗೆಗಿಂತ ಕೊಂಚ ದೊಡ್ಡದಾದ ಒಂದು ಫಲಕವಿರುವುದು. ಅದರ ಮೈಕ್ರೊಕಂಟ್ರೋಲರ್ ಎಂಬ ಚಿಪ್ಪೇ ದೀಪಗಳಿಗೆ ಸಂಖ್ಯೆಗಳನ್ನು ಒಪ್ಪಿಸುವ ಯಂತ್ರ. ಬೆಳಕು ಸೆಕೆಂಡಿಗೆ 10 ಬಾರಿ ಬದಲಾಗುವುದೆಂದರೆ, ಬಾರಿಗೆ 300 ಬೈಟ್‌ಗಳಂತೆ ಸೆಕೆಂಡಿಗೆ 3,000 ಬೈಟ್. ಮೂರು ನಿಮಿಷದ ನೃತ್ಯಕ್ಕೆ 5,40,000. ನಮ್ಮ ಚಿಪ್ಪಿನ ಸ್ಮೃತಿಯಲ್ಲಿ ಹಿಡಿಯುವುದು 32,768 ಮಾತ್ರ, ಹನ್ನೊಂದು ಸೆಕೆಂಡಿಗೂ ಸಾಲದು. ಆದುದರಿಂದ ಬೆಳಕಿನ ಚಿತ್ರಗಳನ್ನು ತುಂಬುವ ಬದಲು ನಿಯಮಗಳನ್ನು ತುಂಬಿದೆವು: ‘12ನೆಯ ಸೆಕೆಂಡಿನಿಂದ 14ರವರೆಗೆ ಬಲತೋಳಿನ ದೀಪಗಳು ಭುಜದಿಂದ ಬೆರಳಿನತ್ತ ಒಂದೊಂದಾಗಿ ಹಸಿರಾಗಲಿ.’ ಇಷ್ಟಕ್ಕೆ ಹತ್ತು ಬೈಟ್ ಸಾಕು. ಧ್ವನಿಮುದ್ರಣಕ್ಕೂ ಸ್ವರಲಿಪಿಗೂ ಇರುವ ಅಂತರವೇ ಇದು. ಗಣಕಯಂತ್ರದಲ್ಲಿ ಬರೆದ ಈ ನಿಯಮಾವಳಿ ಯುಎಸ್‌ಬಿ ತಂತಿಯ ಮೂಲಕ ಚಿಪ್ಪಿಗೆ ಇಳಿಯುವುದು. ಬರೆದಾದ ಮೇಲೆ ಗಣಕ ಅದನ್ನು ಮರಳಿ ಓದಿ, ತಾನು ಕಳುಹಿಸಿದುದರೊಡನೆ ಹೋಲಿಸಿ ನೋಡುವುದು. ಬ್ಯಾಟರಿಯನ್ನು ತೆಗೆದರೂ ಚಿಪ್ಪು ಈ ಪಾಠವನ್ನು ಮರೆಯದು.

ಈಗ ಆಪಾದನೆಗೆ ಬರೋಣ. ಏಳು ನರ್ತಕಿಯರ ಉಡುಪಿನಲ್ಲಿ 30 ದೀಪಗಳು. ಮುಖ್ಯ ನರ್ತಕಿಯ ಅಗಲವಾದ ಲಂಗದ ಸುತ್ತ ಸಾಲಿಟ್ಟು ಅವಳಿಗೆ ಮಾತ್ರ 100. ಎಂಟು ಉಡುಪುಗಳನ್ನೂ ಒಟ್ಟಿಗೆ ಚಾಲನೆಗೊಳಿಸಿದರೂ ಒಂದು ನಿಮಿಷ ಕಳೆಯುವಷ್ಟರಲ್ಲಿ ಅವಳು ಉಳಿದವರಿಗಿಂತ ಒಂದು ಸೆಕೆಂಡಿಗೂ ಮಿಗಿಲಾಗಿ ಹಿಂದೆ ಬೀಳುತ್ತಿದ್ದಳು. ನೃತ್ಯದ ಗುರುಗಳು ನಾಲ್ಕು ದಿನ ಗದರಿಸಿದರು. ಐದನೆಯ ದಿನ ಬೇರೊಬ್ಬಳನ್ನು ಆ ಸ್ಥಾನಕ್ಕೆ ತರುವ ಮಾತೂ ಬಂದಿತು. “ಸರ್, ನಾನು ತಾಳ ತಪ್ಪಲಿಲ್ಲ” ಎಂದು ಹುಡುಗಿ ನನ್ನ ಬಳಿ ಬಂದು ಕಣ್ಣೀರಿಟ್ಟಳು. ಕತ್ತಲೆಯಲ್ಲಿ ಅವಳು ತೋಳೆತ್ತಿದುದನ್ನು ಕಂಡವರು ಯಾರು? ದೀಪ ಹೊತ್ತಿದಾಗಲೇ ತೋಳು ಕಾಣುವುದು.

ಸಂಜೆ ಎಂಟು ಉಡುಪುಗಳನ್ನೂ ಪ್ರಯೋಗಶಾಲೆಯ ಮೇಜಿನ ಮೇಲೆ ಹರಡಿ, ನರ್ತಕಿಯರಿಲ್ಲದೆಯೇ ಓಡಿಸಿದೆವು. ನಿಮಿಷಕ್ಕೆ ಸರಿಯಾಗಿ ಅದೇ ಉಡುಪು ಹಿಂದೆ ಬಿದ್ದಿತು! ಹುಡುಗಿ ನಿರಪರಾಧಿಯೆಂಬುದು ಅಲ್ಲಿಗೆ ಸ್ಥಿರಪಟ್ಟಿತು. ಫಲಕದ ಗಡಿಯಾರವೇ ನಿಧಾನವಾಗಿರಬಹುದೆಂದು ನಾನು ಶಂಕಿಸಿದೆ. ಅಗ್ಗದ ಫಲಕಗಳಲ್ಲಿ ಸ್ಫಟಿಕದ ಬದಲು ಪಿಂಗಾಣಿಯ ಅನುನಾದಕವಿದ್ದು, ಅದು ನೂರಕ್ಕೆ ಅರ್ಧದಷ್ಟು ತಪ್ಪಬಹುದು. ಎರಡು ಉಡುಪುಗಳ ಫಲಕಗಳನ್ನು ಅದಲುಬದಲು ಮಾಡಿದೆವು. ದೋಷ ಫಲಕದೊಡನೆ ಹೋಗಲಿಲ್ಲ. 100 ದೀಪಗಳ ಉಡುಪಿನಲ್ಲಿಯೇ ಉಳಿಯಿತು. ನನ್ನ ಶಂಕೆ ಸುಳ್ಳಾಯಿತು.

ಕಾರಣವಿಷ್ಟೆ. ಚಿಪ್ಪು ಕಾಲವನ್ನು 1.024 ಮಿಲಿಸೆಕೆಂಡಿನ ಮಿಡಿತಗಳಲ್ಲಿ ಎಣಿಸುವುದು. ದೀಪಗಳಿಗೆ ಬಿಟ್‌ಗಳನ್ನು ಒಪ್ಪಿಸುವಾಗ ಮಾತ್ರ, ಲಯ ಕೆಡಬಾರದೆಂದು ಉಳಿದೆಲ್ಲ ಕರೆಗಳಿಗೂ ಕಿವಿ ಮುಚ್ಚಿಕೊಳ್ಳುವುದು. ಆ ಅವಧಿಯಲ್ಲಿ ಬಂದ ಒಂದು ಮಿಡಿತವನ್ನು ಅದು ನೆನಪಿಟ್ಟು ಆಮೇಲೆ ಲೆಕ್ಕಕ್ಕೆ ಸೇರಿಸಬಲ್ಲುದು. ಎರಡನೆಯದೂ ಮೂರನೆಯದೂ ಕಳೆದೇ ಹೋಗುವುವು. 30 ದೀಪಗಳಿಗೆ ಬೇಕಾದುದು 0.9 ಮಿಲಿಸೆಕೆಂಡು, ನಷ್ಟವಿಲ್ಲ. 100 ದೀಪಗಳಿಗೆ 3 ಮಿಲಿಸೆಕೆಂಡು. ಪ್ರತಿಯೊಂದು ಬದಲಾವಣೆಗೂ ಸುಮಾರು 2 ಮಿಲಿಸೆಕೆಂಡು ನಷ್ಟ. ಸೆಕೆಂಡಿಗೆ 10 ಬದಲಾವಣೆಗಳಾದರೆ 20 ಮಿಲಿಸೆಕೆಂಡು, ನಿಮಿಷಕ್ಕೆ 1.2 ಸೆಕೆಂಡು. ಮೇಜಿನ ಮೇಲೆ ನಾವು ಅಳೆದುದೂ ಹೆಚ್ಚುಕಡಮೆ ಇಷ್ಟೇ.

ಪರಿಹಾರಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ. 100 ದೀಪಗಳ ಸರಣಿಯನ್ನು 25ರ ನಾಲ್ಕು ಸಾಲುಗಳಾಗಿ ಕತ್ತರಿಸಿ, ಒಂದೊಂದನ್ನೂ ಚಿಪ್ಪಿನ ಬೇರೆ ಬೇರೆ ಕಾಲಿಗೆ ಜೋಡಿಸಿದೆವು. ಒಂದು ಸಾಲಿಗೆ 0.75 ಮಿಲಿಸೆಕೆಂಡು, ಸಾಲು ಮುಗಿದೊಡನೆ ಚಿಪ್ಪು ಕಿವಿ ತೆರೆದು ತಪ್ಪಿದ ಮಿಡಿತವನ್ನು ಎಣಿಸಿಕೊಳ್ಳುವುದು. ಹತ್ತಾರು ನಿಮಿಷಗಳ ನೃತ್ಯವಾದರೆ ಇಷ್ಟು ಸಾಲದು, ರೇಡಿಯೊ ಮೂಲಕ ಆಗಾಗ ಎಲ್ಲ ಉಡುಪುಗಳಿಗೂ ಸಮಯವನ್ನು ಸಾರಬೇಕಾದೀತು. ಮೂರು ನಿಮಿಷಕ್ಕೆ ಸಾಕಾಯಿತು.

ಮರುದಿನ ಗುರುಗಳು ಅಭ್ಯಾಸವನ್ನು ಕೊನೆಯವರೆಗೂ ನೋಡಿ, ಹುಡುಗಿಗೆ ಏನನ್ನೂ ಹೇಳಲಿಲ್ಲ. ನನ್ನ ಕಡೆಗೆ ತಿರುಗಿ, ಲಂಗದ ಅಂಚಿಗೆ ಇನ್ನೂ ಇಪ್ಪತ್ತು ದೀಪಗಳಾಗಬಹುದೇ ಎಂದರು. ಒಂದು ಸಾಲಿನಲ್ಲಿ 34ಕ್ಕೆ ಮೀರಬಾರದೆಂಬ ಲೆಕ್ಕ ಆಗಲೇ ಸಿದ್ಧವಾಗಿತ್ತು. ಐದನೆಯ ಸಾಲನ್ನು ಹಾಕಿಕೊಟ್ಟೆವು.