ಮೇರಿ ಹ್ಯಾರಿಸ್ ಸ್ಮಿತ್

ಮೇರಿ ಹ್ಯಾರಿಸ್ ಸ್ಮಿತ್ (೧೮೪೪–೧೯೩೪) ವಿಶ್ವದ ಪ್ರಥಮ ಮಹಿಳಾ ಚಾರ್ಟರ್ಡ್ ಅಕೌಂಟೆಂಟ್. ಲಂಡನ್ನಿನವರಾದ ಇವರು ೧೮೮೦ರ ದಶಕದಲ್ಲಿಯೇ ಸ್ವಂತ ಕಚೇರಿ ತೆರೆದು ಲೆಕ್ಕಪರಿಶೋಧನೆ ನಡೆಸುತ್ತಿದ್ದರು. ೧೮೮೦ರಲ್ಲಿ ರಾಜಸನದು ಪಡೆದಿದ್ದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಗೆ ೧೮೯೧ರಲ್ಲಿ ಸದಸ್ಯತ್ವ ಕೋರಿ ಅರ್ಜಿ ಸಲ್ಲಿಸಿದರು. ಸ್ತ್ರೀ ಎಂಬ ಕಾರಣದಿಂದ ಅದು ತಿರಸ್ಕೃತವಾಯಿತು. ಸದಸ್ಯತ್ವವಿಲ್ಲದೆಯೂ ಲೆಕ್ಕಿಗ ವೃತ್ತಿ ನಡೆಸಲು ಆಗ ಅಲ್ಲಿ ಅಡ್ಡಿಯಿರಲಿಲ್ಲ. ಆದರೆ ‘ಚಾರ್ಟರ್ಡ್’ ಎಂಬ ಮನ್ನಣೆ ಮಾತ್ರ ಪುರುಷರಿಗೆ ಮೀಸಲಾಗಿತ್ತು. ಲಿಂಗದ ಕಾರಣಕ್ಕೆ ಯಾರನ್ನೂ ವೃತ್ತಿಸಂಸ್ಥೆಗಳಿಂದ ಹೊರಗಿಡಬಾರದೆಂಬ ಕಾಯಿದೆ ಬ್ರಿಟನ್ನಿನಲ್ಲಿ ಬಂದದ್ದು ೧೯೧೯ರ ಡಿಸೆಂಬರ್‌ನಲ್ಲಿ. ೧೯೨೦ರ ಮೇ ತಿಂಗಳಲ್ಲಿ ಮೇರಿಯವರಿಗೆ ಸದಸ್ಯತ್ವ ದೊರೆಯಿತು. ಆಗ ಅವರ ವಯಸ್ಸು ೭೫. ಅನ್ಯರಾದರೆ ಎಂದೋ ನಿವೃತ್ತರಾಗಿರುತ್ತಿದ್ದರು. ಈ ಸಂಸ್ಥೆಯ ಪರೀಕ್ಷೆಗಳಲ್ಲಿ ಉತ್ತೀರ್ಣರಾಗಿ ಸದಸ್ಯತ್ವ ಪಡೆದ ಮೊದಲ ಮಹಿಳೆ ಎಥೆಲ್ ವಾಟ್ಸ್ (೧೯೨೪).